ಸಿದ್ದರಾಜು ಅವರೂ ನಾನೂ ಹಂಚಿಕೊಂಡಿದ್ದ ಕಂಪ್ಯೂಟರು

ಕಳೆದ ತಿಂಗಳು ಮಗಳ ಕಾಲೇಜಿನ ವರದಿಯೊಂದನ್ನು ಬೈಂಡ್ ಮಾಡಿಸಲು ಚಾಮರಾಜಪೇಟೆಗೆ ಹೋಗಿದ್ದೆ. ಅಂಗಡಿಯ ಬಾಗಿಲಲ್ಲೇ ಒಬ್ಬಾತ ಕುಕ್ಕರುಗಾಲಲ್ಲಿ ಕೂತು ರಟ್ಟಿಗೆ ಗೋಂದು ಬಳಿಯುತ್ತಿದ್ದ. ಮೈದಾ ಹಿಟ್ಟು ಕುದಿಸಿ, ಹುಳ ಹಿಡಿಯದಿರಲೆಂದು ಚೂರು ಮೈಲುತುತ್ತ ಬೆರೆಸಿದ ಗೋಂದು. ಆ ವಾಸನೆ ಮೂಗಿಗೆ ಬಿದ್ದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ವರದಿ ಕೊಟ್ಟು, ಚೀಟಿ ತೆಗೆದುಕೊಂಡು, ರಸ್ತೆ ದಾಟಿ ಹೋಗಿ ನೆರಳಲ್ಲಿ ನಿಂತುಕೊಂಡೆ.

ಎಂಟು ವರ್ಷದ ಹಿಂದೆ ಅದೇ ಬೀದಿಯ ಇನ್ನೊಂದು ತುದಿಯಲ್ಲಿ, ಇಂಥದ್ದೇ ಒಂದು ಬೈಂಡಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಕೆಲಸಕ್ಕಿದ್ದೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳನ್ನು ಕಿವಿಯಲ್ಲಿ ಕೇಳಿ ಓದುವ ಹಾಗೆ ಮಾಡಿಕೊಡುವ ಚಿಕ್ಕ ಟ್ರಸ್ಟ್ ಅದು. ಎರಡು ಕೋಣೆ, ಎರಡು ಕಬ್ಬಿಣದ ಬೀರು, ಒಂದು ಸ್ಕ್ಯಾನರು, ಯಾರೋ ದಾನ ಕೊಟ್ಟ ಒಂದು ಕಂಪ್ಯೂಟರು. ಅಲ್ಲಿ ನಾನು ಮೂರು ವರ್ಷ ಇದ್ದೆ. ಆದರೆ ಮನಸ್ಸಿನಲ್ಲಿ ಉಳಿದಿರುವುದು ಒಂದು ಸಂಕ್ರಾಂತಿಯಿಂದ ಆ ಬೇಸಿಗೆ ಮುಗಿಯುವವರೆಗಿನ ನಾಲ್ಕು ತಿಂಗಳು ಮಾತ್ರ.

ಆಗ ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದರು. ಬಸವನಗುಡಿಯ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಅವರ ಮೈ ಒರೆಸಿ, ಗಂಜಿ ಕುಡಿಸಿ, ಬಟ್ಟೆ ಒಗೆದು ಮುಗಿಸುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿರುತ್ತಿತ್ತು. ಮಧ್ಯಾಹ್ನ ನಾದಿನಿ ಬಂದು ಕೂತ ಮೇಲೆ ನಾನು ಹೊರಡುತ್ತಿದ್ದೆ. ಎರಡರಿಂದ ಏಳರವರೆಗೆ ನನ್ನ ಕೆಲಸ. ಬೆಳಿಗ್ಗೆ ಎಂಟೂವರೆಯಿಂದ ಒಂದು ಗಂಟೆವರೆಗೆ ಅದೇ ಕುರ್ಚಿಯಲ್ಲಿ ಸಿದ್ದರಾಜು ಅವರು ಕೂರುತ್ತಿದ್ದರು. ಎಷ್ಟೋ ವಾರ ನಾವಿಬ್ಬರೂ ಮುಖಾಮುಖಿ ಆಗುತ್ತಲೇ ಇರಲಿಲ್ಲ. ನಾನು ಹೋದಾಗ ಕುರ್ಚಿ ಮೇಜಿಗೆ ಒತ್ತಿ ಇಟ್ಟಿರುತ್ತಿತ್ತು, ಕೀಬೋರ್ಡಿನ ಮೇಲೆ ಮಡಿಸಿದ ಬಟ್ಟೆ ಹೊದಿಸಿರುತ್ತಿತ್ತು.

ಸಿದ್ದರಾಜು ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಹುಟ್ಟಿನಿಂದಲೇ ಕಣ್ಣು ಕಾಣದು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲು ಬೇಜಾರಾಗಿ ಟ್ರಸ್ಟಿಗೆ ಬರತೊಡಗಿದ್ದರು. ಶ್ರೀರಾಮಪುರದಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ನಮ್ಮ ಬೀದಿ ಹತ್ತಿರದ ಮಕ್ಕಳ ಕೂಟದ ಸ್ಟಾಪಿಗೆ ಇನ್ನೊಂದು. ಕೋಲು ಹಿಡಿದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಒಂದು ದಿನವೂ ತಡವಾಗದೆ ಬರುತ್ತಿದ್ದರಂತೆ.

ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ, ಆ ಚಿತ್ರದಿಂದ ಅಕ್ಷರಗಳನ್ನು ಬಿಡಿಸಿ ಫೈಲು ಮಾಡುವುದು ನನ್ನ ಕೆಲಸ. ಅದಕ್ಕೆ ಬೇಕಾದ ಪ್ರೋಗ್ರಾಮುಗಳನ್ನು ನಾನು ಕಲಿತದ್ದು ಹಿಂದೆ ಇದ್ದ ಪ್ರೆಸ್ಸಿನಲ್ಲಿ, ವಿಂಡೋಸಿನ ಬದಲು ಹಾಕಿಕೊಳ್ಳುವ ಲಿನಕ್ಸಿನಲ್ಲಿ. ಕಂಪ್ಯೂಟರು ಬಿಡಿಸಿಕೊಟ್ಟ ಕನ್ನಡದಲ್ಲಿ ತಪ್ಪುಗಳು ರಾಶಿ ರಾಶಿ. ಘ ಇದ್ದಲ್ಲಿ ಫ ಬರುತ್ತಿತ್ತು, ಒತ್ತಕ್ಷರ ಹಾರಿಹೋಗಿ ಸೈನ್ಯ ಎಂಬುದು ಸೈನ ಆಗುತ್ತಿತ್ತು. ಮಾರನೇ ಬೆಳಿಗ್ಗೆ ಸಿದ್ದರಾಜು ಅದನ್ನೇ ವಿಂಡೋಸಿನಲ್ಲಿ ತೆರೆದು, ತೆರೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮಿನಿಂದ ಒಂದೊಂದೇ ಸಾಲು ಕೇಳಿಸಿಕೊಂಡು ತಿದ್ದುತ್ತಿದ್ದರು. ಅವರ ಕಿವಿಗೆ ಒಂದು ದೀರ್ಘ ತಪ್ಪಿದರೂ ಸಿಕ್ಕಿಬೀಳುತ್ತಿತ್ತು.

ಹೀಗಾಗಿ ಆ ಡಿಸ್ಕನ್ನು ಮೂರು ಪಾಲು ಮಾಡಿಸಿದ್ದೆವು. ಒಂದರಲ್ಲಿ ಅವರ ವಿಂಡೋಸ್, ಒಂದರಲ್ಲಿ ನನ್ನ ಲಿನಕ್ಸ್, ಮೂರನೆಯದು ಇಬ್ಬರಿಗೂ ಸೇರಿದ್ದು. ಪುಸ್ತಕಗಳೆಲ್ಲ ಆ ಮೂರನೇ ಪಾಲಿನಲ್ಲಿ. ಸಿದ್ದರಾಜು ಅದಕ್ಕೆ ಹಜಾರ ಅಂತ ಹೆಸರಿಟ್ಟಿದ್ದರು. "ಮೇಡಂ, ಎರಡನೇ ಅಧ್ಯಾಯ ಹಜಾರದಲ್ಲಿ ಇಟ್ಟಿದೀನಿ, ನೋಡ್ಕೊಳ್ಳಿ" ಎಂದು ಫೋನು ಮಾಡಿ ಹೇಳುತ್ತಿದ್ದರು. ಫೋನಿನಲ್ಲಿ ಅವರ ದನಿ ಬಹಳ ಚೆನ್ನಾಗಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಹಿಡಿದದ್ದು ದ್ವಿತೀಯ ಪಿಯುಸಿಯ ಇತಿಹಾಸ. ಮತ್ತಿಕೆರೆಯ ಹಾಸ್ಟೆಲಿನಲ್ಲಿದ್ದ ರೇಣುಕಾ ಎಂಬ ಹುಡುಗಿಗೆ ಅದು ಬೇಕಿತ್ತು. ಅವಳಿಗೂ ಕಣ್ಣು ಕಾಣದು. ಹಿಂದಿನ ವರ್ಷ ಇತಿಹಾಸ ಒಂದರಲ್ಲೇ ಫೇಲಾಗಿದ್ದಳು. ಪುಸ್ತಕ ಓದಿ ಹೇಳುವವರು ಯಾರೂ ಇರಲಿಲ್ಲ ಎಂದು ಬಂದ ಮೊದಲ ದಿನವೇ ಹೇಳಿದ್ದಳು. "ಈ ಸಲನೂ ಹೋದ್ರೆ ಊರಿಗೆ ಕರ್ಕೊಂಡು ಹೋಗ್ಬಿಡ್ತಾರೆ ಮೇಡಂ. ಓದಿದ್ದು ಸಾಕು ಅಂತಾರೆ." ಅಳುದನಿಯಲ್ಲೇನೂ ಹೇಳಲಿಲ್ಲ, ಬಸ್ಸಿನ ನಂಬರು ಹೇಳಿದ ಹಾಗೆ ಹೇಳಿದಳು. ಪರೀಕ್ಷೆ ಮಾರ್ಚಿನಲ್ಲಿ. ಪುಸ್ತಕ ಪೂರ್ತಿ ತಿದ್ದಿ ಆದ ಮೇಲೇ ಹೊರಗೆ ಕೊಡಬೇಕೆಂಬುದು ನಮ್ಮ ಕಾರ್ಯದರ್ಶಿ ಶೇಷಾದ್ರಿ ಅವರ ಕಟ್ಟುನಿಟ್ಟು.

ಕಂಪ್ಯೂಟರು ಮುದಿಯಾಗಿತ್ತು. ಬೆಳಿಗ್ಗೆ ವಿಂಡೋಸ್ ಎದ್ದು ಕೂರಲು ಐದಾರು ನಿಮಿಷ ಬೇಕಾಗುತ್ತಿತ್ತು, ಅಷ್ಟು ಹೊತ್ತೂ ಸಿದ್ದರಾಜು ಕೈ ಕಟ್ಟಿ ಕೂರಬೇಕಿತ್ತು. ಅವರಿಗೆ ಅನುಕೂಲವಾಗಲೆಂದು ನಾನೇ ಹುಡುಕಿ, ವಿಂಡೋಸ್ ಬೇಗ ಏಳುವ ಒಂದು ಸೆಟ್ಟಿಂಗನ್ನು ಹಾಕಿಟ್ಟೆ. "ಏನ್ ಮಾಡಿದ್ರಿ ಮೇಡಂ, ಹೊಸ ಮಿಷನ್ ತರ ಓಡ್ತಿದೆ!" ಎಂದು ಅವರು ಫೋನು ಮಾಡಿದಾಗ ನನಗೆ ಹೆಮ್ಮೆಯಾಯಿತು. ಬಹಳ ದಿನದಿಂದ ಯಾರೂ ನನ್ನನ್ನು ಹೊಗಳಿರಲಿಲ್ಲ.

ಆ ಸೆಟ್ಟಿಂಗಿನ ಗುಟ್ಟು ಏನೆಂದರೆ, ವಿಂಡೋಸ್ ಅನ್ನು ಮುಚ್ಚಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಯಾವ ಫೈಲು ಎಲ್ಲಿದೆ ಎಂಬುದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡೇ ಮಲಗಿರುತ್ತದೆ. ಅದು ಮಲಗಿರುವಾಗ ಲಿನಕ್ಸಿನವರು ಬಂದು ಹಜಾರದ ಸಾಮಾನು ಕದಲಿಸಬಾರದು. ಹಾಗಾಗಿ ಅವತ್ತು ಮಧ್ಯಾಹ್ನ ನಾನು ಲಿನಕ್ಸ್ ತೆರೆದರೆ ಮೂರನೇ ಪಾಲು ಬರೀ ಓದಲಿಕ್ಕೆ ಸಿಕ್ಕಿತು, ಬರೆಯಲಿಕ್ಕೆ ಬಿಡಲಿಲ್ಲ. ಹೊಸ ಅಧ್ಯಾಯ ಇಡುವುದು ಹೇಗೆ? ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಯಾರೋ ಒಂದು ಸಾಲಿನ ಆಜ್ಞೆ ಕೊಟ್ಟಿದ್ದರು, ಅದನ್ನು ಹಾಕಿದರೆ ಬಲವಂತವಾಗಿ ಬಾಗಿಲು ತೆರೆಯುತ್ತದೆ. ಅದರ ಕೆಳಗೇ, ಹೀಗೆ ಮಾಡಿದರೆ ಫೈಲುಗಳು ಹಾಳಾಗಬಹುದು ಎಂಬ ಎಚ್ಚರಿಕೆಯೂ ಇತ್ತು. ಓದಿದೆ. ಸೆಟ್ಟಿಂಗನ್ನು ವಾಪಸ್ ತೆಗೆದಿದ್ದರೆ ಆಗುತ್ತಿತ್ತು. ಅದಕ್ಕೆ ಮತ್ತೆ ವಿಂಡೋಸಿಗೆ ಹೋಗಬೇಕು, ಮತ್ತೆ ಸಿದ್ದರಾಜು ಕೈ ಕಟ್ಟಿ ಕೂರಬೇಕು. ಗಂಟೆ ಮೂರಾಗಿತ್ತು, ನನಗೆ ಸುಸ್ತಾಗಿತ್ತು. ಆಜ್ಞೆ ಹಾಕಿದೆ. ತೆರೆಯಿತು.

ಮೂರು ವಾರ ಏನೂ ಆಗಲಿಲ್ಲ. ಹೊಂಗೆ ಮರಗಳು ಎಲೆ ಉದುರಿಸಿ ಚಿಗುರಿದವು, ಶಿವರಾತ್ರಿ ಬಂದು ಹೋಯಿತು, ಮಹಡಿಯ ತಾರಸಿ ಕಾಯತೊಡಗಿತು. ಕೆಳಗಿನ ಅಂಗಡಿಯ ಕಾಗದ ಕತ್ತರಿಸುವ ಯಂತ್ರ ಧಡ್ ಎಂದಾಗಲೆಲ್ಲ ಮೇಜು ನಡುಗುತ್ತಿತ್ತು. ನಾನು ದಿನಾ ಮಧ್ಯಾಹ್ನ ಆ ಒಂದು ಸಾಲು ಹಾಕುತ್ತಿದ್ದೆ, ಕೆಲಸ ಮಾಡುತ್ತಿದ್ದೆ, ಏಳಕ್ಕೆ ಮನೆಗೆ ಓಡುತ್ತಿದ್ದೆ. ಇತಿಹಾಸದ ಒಂಬತ್ತು ಅಧ್ಯಾಯ ತಿದ್ದಿ ಮುಗಿದಿದ್ದವು, ಎರಡು ಬಾಕಿ. ವಾರಕ್ಕೊಮ್ಮೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡುವುದೂ ನನ್ನ ಜವಾಬ್ದಾರಿಯೇ. ಆ ಡಿಸ್ಕು ತುಂಬಿಹೋಗಿತ್ತು, ಖಾಲಿ ಮಾಡಬೇಕಿತ್ತು, ನಾಳೆ ಮಾಡೋಣ ಎಂದುಕೊಂಡೇ ಇದ್ದೆ.

ಒಂದು ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನು ಬಂತು. ನಾನು ಅತ್ತೆಯನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ಒರೆಸುತ್ತಿದ್ದೆ.

"ಮೇಡಂ, ಮಿಷನ್ ಮಾತಾಡ್ತಿಲ್ಲ. ಆನ್ ಮಾಡಿ ಒಂದ್ ಗಂಟೆ ಆಯ್ತು. ಫ್ಯಾನ್ ತಿರುಗೋ ಸದ್ದು ಬರ್ತಿದೆ, ಬೇರೆ ಏನಿಲ್ಲ."

"ಬಟನ್ ಒತ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ ಸರ್."

"ಸ್ಕ್ರೀನ್ ಮೇಲೆ ಏನಾದ್ರೂ ಬರ್ತಿರ್ಬಹುದಾ? ಕೆಳಗಡೆ ಅಂಗಡಿಯವ್ರನ್ನ ಕರೆದು ತೋರಿಸ್ಲಾ?"

"ಬೇಡ ಸರ್, ಸುಮ್ನೆ ಆಫ್ ಮಾಡಿ ಆನ್ ಮಾಡಿ. ನನ್ ಕೈ ಒದ್ದೆ ಇದೆ."

ಆಮೇಲೆ ತಿಳಿಯಿತು, ಅಷ್ಟು ಹೊತ್ತೂ ತೆರೆಯ ಮೇಲೆ ಅಕ್ಷರಗಳು ಸಾಲಾಗಿ ಬರುತ್ತಿದ್ದವು. ಮೂರನೇ ಪಾಲು ಕೆಟ್ಟಿದೆ, ಸರಿಪಡಿಸುತ್ತಿದ್ದೇನೆ, ಕಾಯಿರಿ ಎಂದು. ಆ ಹೊತ್ತಿನಲ್ಲಿ ಓದಿ ಹೇಳುವ ಪ್ರೋಗ್ರಾಮು ಇನ್ನೂ ಎದ್ದಿರುವುದಿಲ್ಲ. ಅವರು ಒಂದು ಗಂಟೆ ಸದ್ದಿಲ್ಲದ ಯಂತ್ರದ ಮುಂದೆ ಕೂತಿದ್ದರು. ಕೊನೆಗೆ ನಾನು ಹೇಳಿದಂತೆ, ರಿಪೇರಿಯ ನಡುವೆಯೇ ಬಟನ್ ಒತ್ತಿದರು.

ಮಧ್ಯಾಹ್ನ ನಾನು ಹೋದಾಗ ಸಿದ್ದರಾಜು ಇನ್ನೂ ಅಲ್ಲೇ ಇದ್ದರು. ಶೇಷಾದ್ರಿ ಅವರೂ ಬಂದಿದ್ದರು. ಕಂಪ್ಯೂಟರು ಎದ್ದಿತ್ತು, ಹಜಾರವೂ ತೆರೆಯುತ್ತಿತ್ತು, ಅದರಲ್ಲಿ ಇತಿಹಾಸದ ಫೋಲ್ಡರು ಇರಲಿಲ್ಲ. ನಾನು ಸ್ಕ್ಯಾನ್ ಮಾಡಿದ ಚಿತ್ರಗಳು ಲಿನಕ್ಸ್ ಕಡೆ ಭದ್ರವಾಗಿದ್ದವು. ಹೋದದ್ದು ಸಿದ್ದರಾಜು ಅವರ ತಿದ್ದುಪಡಿ, ಹೆಚ್ಚುಕಮ್ಮಿ ಏಳು ವಾರದ್ದು.

ನನ್ನ ಬಾಯಿಂದ ಮೊದಲು ಬಂದ ಮಾತು ಇದು: "ಸರ್, ನೀವೇನಾದ್ರೂ ಡಿಲೀಟ್ ಮಾಡಿದ್ರಾ?"

ಅವರು ಕೀಬೋರ್ಡಿನ ಅಂಚು ಸವರಿದರು. "ಗೊತ್ತಾಗ್ತಿಲ್ಲ ಮೇಡಂ. ಇರ್ಬಹುದು. ನೆನ್ನೆ ಒಂದ್ ಫೈಲ್ ಹೆಸರು ಬದಲಾಯಿಸ್ದೆ. ಆಗ ಏನಾದ್ರೂ ಒತ್ಬಿಟ್ನೋ ಏನೋ."

"ಬೆಳಿಗ್ಗೆ ಏನ್ ಮಾಡಿದ್ರಿ?" ಶೇಷಾದ್ರಿ ಕೇಳಿದರು.

"ಮಾತಾಡ್ತಿರ್ಲಿಲ್ಲ ಸರ್. ಬಟನ್ ಒತ್ತಿ ಆಫ್ ಮಾಡ್ದೆ."

ಯಾರು ಹೇಳಿ ಒತ್ತಿದ್ದು ಎಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಶೇಷಾದ್ರಿ ಒಳ್ಳೆಯ ಮನುಷ್ಯರು. ಸಿದ್ದರಾಜು ಅವರ ಭುಜದ ಮೇಲೆ ಕೈ ಇಟ್ಟು ಮೆತ್ತಗೆ ಹೇಳಿದರು: "ನಿಮ್ ತಪ್ಪಲ್ಲ ಸಿದ್ದರಾಜು. ಕಣ್ಣಿಲ್ದೋರ ಕೈಗೆ ಪೂರ್ತಿ ಮಿಷನ್ ಕೊಟ್ಟಿದ್ದು ನಮ್ ತಪ್ಪು. ನೀವು ಇನ್ಮೇಲೆ ಬ್ರೈಲ್ ಹಾಳೆ ನೋಡ್ಕೊಳ್ಳಿ. ಕಂಪ್ಯೂಟರ್ ಮೇಡಂ ನೋಡ್ಕೋತಾರೆ."

ಸಿದ್ದರಾಜು ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದರು. ಕೋಲು ಬಿಡಿಸಿಕೊಂಡು ಎದ್ದು ಹೋದರು.

ನಿಜ ನನಗೆ ಗೊತ್ತಾಗಲು ಒಂದು ದಿನ ಹಿಡಿಯಿತು. ಗುರುವಾರ ಲಿನಕ್ಸ್ ತೆರೆದು ಎಂದಿನಂತೆ ಆ ಸಾಲು ಹಾಕಲು ಹೋದೆ. ಬೆರಳು ನಿಂತಿತು. ಹಳೆಯ ಪುಟವನ್ನು ಮತ್ತೆ ಹುಡುಕಿ ತೆಗೆದು, ಆ ಎಚ್ಚರಿಕೆಯನ್ನು ನಿಧಾನವಾಗಿ ಓದಿದೆ. ಅದರ ಕೆಳಗೆ ಮೂರ್ನಾಲ್ಕು ಜನ ತಮಗಾದದ್ದನ್ನು ಬರೆದಿದ್ದರು. ಮಲಗಿದ್ದ ವಿಂಡೋಸ್ ಎದ್ದು, ತನ್ನ ಹಳೆಯ ನೆನಪಿನಂತೆಯೇ ಎಲ್ಲವನ್ನೂ ಜೋಡಿಸಲು ಹೋಗಿ, ನಡುವೆ ಇನ್ನೊಬ್ಬರು ಬರೆದಿದ್ದರ ಜೊತೆ ಕಲಸಿಹೋಗಿ ಫೋಲ್ಡರಿಗೆ ಫೋಲ್ಡರೇ ಮಾಯವಾದ ಕಥೆಗಳು. ನಮ್ಮದೇ ಕಥೆ. ಸೆಟ್ಟಿಂಗ್ ಹಾಕಿದವಳು ನಾನು, ಬಾಗಿಲು ಮುರಿದವಳು ನಾನು, ಬಟನ್ ಒತ್ತಿಸಿದವಳೂ ನಾನು.

ಆದರೂ ಅವತ್ತು ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ಈ ಕೆಲಸ ಹೋದರೆ ಇಷ್ಟು ಹತ್ತಿರ, ಇಷ್ಟೇ ಹೊತ್ತಿನ ಇನ್ನೊಂದು ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಆ ಕಟ್ಟಡದಲ್ಲಿ ಲಿನಕ್ಸ್ ಬಲ್ಲವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಮನೆಯಲ್ಲಿ ಬೆಳಗಿನಿಂದ ಬೆಡ್‌ಪ್ಯಾನ್ ತೊಳೆಯುವ ನನಗೆ ಆ ಕುರ್ಚಿಯಲ್ಲಿ ಕೂತಾಗ ಮಾತ್ರ ನಾನೂ ಏನೋ ಬಲ್ಲವಳು ಅನ್ನಿಸುತ್ತಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಶನಿವಾರ ನಾದಿನಿಗೆ ರಜೆ, ನಾನು ಬೆಳಿಗ್ಗೆಯೇ ಹೋದೆ. ಸಿದ್ದರಾಜು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಹಳೆಯ ಬ್ರೈಲ್ ಹಾಳೆಗಳನ್ನು ಬೆರಳಿನಿಂದ ಸವರಿ ಪುಟದ ಕ್ರಮಕ್ಕೆ ಜೋಡಿಸುತ್ತಿದ್ದರು. ಯಾರಿಗೂ ಬೇಡದ ಕೆಲಸ. ಕಂಪ್ಯೂಟರ್ ಕುರ್ಚಿ ಖಾಲಿ ಇತ್ತು. ನನ್ನ ಚಪ್ಪಲಿ ಸದ್ದು ಕೇಳಿ, "ಮೇಡಂ, ಬೆಳಿಗ್ಗೇನೇ ಬಂದ್ಬಿಟ್ರಾ? ಅತ್ತೆಯವ್ರು ಹೇಗಿದಾರೆ?" ಎಂದರು. ಅದೇ ದನಿ, ಆದರೆ ಫೋನಿನಲ್ಲಿ ಇರುತ್ತಿದ್ದ ಗಟ್ಟಿತನ ಇರಲಿಲ್ಲ. ಹತ್ತು ನಿಮಿಷದ ಮೇಲೆ ಕೇಳಿದರು: "ರೇಣುಕಾಗೆ ಹೇಳಿದ್ರಾ? ಪಾಪ ಆ ಹುಡುಗಿ. ನನ್ನಿಂದ ಹೀಗಾಯ್ತು ಅಂತ ನಾನೇ ಫೋನ್ ಮಾಡ್ಲಾ ಅಂತಿದೀನಿ. ಬೇರೆಯವ್ರಿಂದ ಕೇಳೋಕಿಂತ ಅದೇ ವಾಸಿ ಅಲ್ವಾ?"

ನನಗೆ ಇನ್ನು ತಡೆಯಲಾಗಲಿಲ್ಲ. ನೆಲದ ಮೇಲೆ, ಅವರ ಸ್ಟೂಲಿನ ಹತ್ತಿರವೇ ಕೂತುಬಿಟ್ಟೆ. ಸೆಟ್ಟಿಂಗಿನಿಂದ ಶುರುಮಾಡಿ ಎಲ್ಲ ಹೇಳಿದೆ. ಎಚ್ಚರಿಕೆ ಓದಿಯೂ ಮುಂದೆ ಹೋದದ್ದು, ನಕಲು ತೆಗೆಯದಿದ್ದದ್ದು, ಗುರುವಾರದಿಂದ ಗೊತ್ತಿದ್ದೂ ಬಾಯಿ ಬಿಡದಿದ್ದದ್ದು.

ಅವರು ಹಾಳೆ ಸವರುವುದನ್ನು ನಿಲ್ಲಿಸಿ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಇದನ್ನ ಶೇಷಾದ್ರಿ ಸರ್‌ಗೂ ಹೇಳ್ಬೇಕು ಮೇಡಂ."

"ಹೇಳ್ತೀನಿ ಸರ್. ಇವತ್ತೇ ಫೋನ್ ಮಾಡಿ ಹೇಳ್ತೀನಿ."

"ಫೋನಲ್ಲಿ ಬೇಡ. ನಾನು ಇರುವಾಗ, ನನ್ನೆದುರಿಗೆ ಹೇಳಿ. ನಾನು ಕೇಳಿಸ್ಕೋಬೇಕು."

ಹನ್ನೊಂದಕ್ಕೆ ಶೇಷಾದ್ರಿ ಬಂದರು. ನಾನು ನಿಂತುಕೊಂಡೇ ಹೇಳಿದೆ, ಒಂದು ಮಾತೂ ಬಿಡದೆ. ಅವರು ಕನ್ನಡಕ ತೆಗೆದು ಒರೆಸಿದರು, ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ ಅಂತ ಕಾಣುತ್ತದೆ.

"ಹೋಗ್ಲಿ ಬಿಡಿಮ್ಮಾ," ಎಂದರು. "ಬೇಕು ಅಂತ ಮಾಡಿದ್ದಲ್ವಲ್ಲ. ಮನೆ ಕಡೆ ಅಷ್ಟು ಕಷ್ಟ ಇಟ್ಕೊಂಡು ಕೆಲ್ಸ ಮಾಡ್ತೀರಿ. ಯಾರಿಗಾದ್ರೂ ಆಗೋದೇ. ಮುಂದೆ ಏನ್ ಮಾಡೋದು ನೋಡೋಣ."

ನನಗೆ ಜೀವ ಬಂದ ಹಾಗಾಯಿತು. ಆಗ ಕಿಟಕಿಯ ಕಡೆಯಿಂದ ಸಿದ್ದರಾಜು ಕೇಳಿದರು, ದನಿ ಏರಿಸದೆ: "ಸರ್, ಬುಧವಾರ ನನಗೆ ಯಾಕೆ ಹೋಗ್ಲಿ ಬಿಡಿ ಅನ್ಲಿಲ್ಲ?"

ಶೇಷಾದ್ರಿ ಕನ್ನಡಕ ಹಾಕಿಕೊಂಡರು. ಕೆಳಗೆ ಕತ್ತರಿಸುವ ಯಂತ್ರ ಎರಡು ಸಲ ಧಡ್ ಎಂದಿತು. ಕೊನೆಗೆ, "ತಪ್ಪಾಯ್ತು ಸಿದ್ದರಾಜು. ಸೋಮವಾರದಿಂದ ನೀವೇ ಕೂತ್ಕೊಳ್ಳಿ" ಎಂದರು. ಸಿದ್ದರಾಜು ತಲೆಯಾಡಿಸಿದರು. ಅದು ಹೂಂ ಎಂದೋ ಅಲ್ಲವೋ ನನಗೆ ತಿಳಿಯಲಿಲ್ಲ.

ಪರೀಕ್ಷೆಗೆ ಹತ್ತೊಂಬತ್ತು ದಿನ ಇತ್ತು. ಸೋಮವಾರ ಸಿದ್ದರಾಜು ಬಟ್ಟೆಯ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟರು. ಅದರ ತುಂಬ ಹಳೆಯ ಕ್ಯಾಲೆಂಡರ್ ಹಾಳೆಗಳು, ಅವುಗಳ ಮೇಲೆಲ್ಲ ಬ್ರೈಲ್ ಚುಕ್ಕೆ. ತಿದ್ದುವಾಗ ಪ್ರತಿ ಪುಟದ ತಪ್ಪುಗಳನ್ನೂ ಅವರು ಮೊಳೆಯಂಥ ಕಡ್ಡಿಯಿಂದ ಚುಚ್ಚಿ ಪಟ್ಟಿ ಮಾಡಿಟ್ಟುಕೊಳ್ಳುತ್ತಿದ್ದರಂತೆ. ಕಚೇರಿಯ ಟೆಲಿಫೋನ್ ಬೋರ್ಡಿನಲ್ಲಿ ಕೂತು ಯಾರು ಯಾರಿಗೆ ಕರೆ ಮಾಡಿದರು ಎಂದು ಬರೆದಿಟ್ಟು ಬಂದ ರೂಢಿ. "ಐದರಿಂದ ಒಂಬತ್ತನೇ ಅಧ್ಯಾಯದವರೆಗೂ ಇದೆ ಮೇಡಂ. ಮೊದಲ್ನೇ ನಾಲ್ಕು, ನಮ್ಮನೆಯೋಳು ಹಳೇ ಪೇಪರ್ ಜೊತೆ ಹಾಕ್ಬಿಟ್ಟಿದಾಳೆ."

ಅಲ್ಲಿಂದ ಮುಂದೆ ನಾವಿಬ್ಬರೂ ಒಂದೇ ಹೊತ್ತಿಗೆ ಕೂತೆವು. ನಾದಿನಿಯ ಕಾಲು ಹಿಡಿಯುವುದೊಂದು ಬಾಕಿ, ಹೇಗೋ ಒಪ್ಪಿಸಿ ನಾನು ಹನ್ನೊಂದಕ್ಕೇ ಹೋಗುತ್ತಿದ್ದೆ. ಅವರು ನಾಲ್ಕರವರೆಗೂ ಇರುತ್ತಿದ್ದರು. ನಾನು ಚಿತ್ರಗಳಿಂದ ಮತ್ತೆ ಅಕ್ಷರ ಬಿಡಿಸಿದೆ. ಅವರು ಬೆರಳು ಸವರುತ್ತಾ, "ಪುಟ ಎಂಬತ್ತೆರಡು, ಮೂರನೇ ಪ್ಯಾರಾ, ಸಂಧಾನ. ಮಹಾಪ್ರಾಣ. ಎಂಬತ್ಮೂರು, ಮೊದಲ್ನೇ ಸಾಲು, ಕಂದಾಯ, ಸೊನ್ನೆ ಹೋಗಿದೆ" ಎಂದು ಹೇಳುತ್ತಾ ಹೋಗುತ್ತಿದ್ದರು, ನಾನು ತಿದ್ದುತ್ತಾ ಹೋಗುತ್ತಿದ್ದೆ. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಬಿಸಿಲಿಗೆ ತಾರಸಿ ಕಾದು ಫ್ಯಾನಿನಿಂದಲೂ ಬಿಸಿಗಾಳಿ. ಮಧ್ಯಾಹ್ನದ ಆಜಾನ್ ಕೇಳಿದಾಗ ಊಟದ ಡಬ್ಬಿ ತೆರೆಯುತ್ತಿದ್ದೆವು, ಅವರು ಆ ಮೂಲೆಯಲ್ಲಿ, ನಾನು ಈ ಮೂಲೆಯಲ್ಲಿ. ಹಿಂದೆಲ್ಲ ನಾನು ಹಬ್ಬಕ್ಕೆ ಏನಾದರೂ ಮಾಡಿದರೆ ಮೇಜಿನ ಮೇಲೆ ಇಟ್ಟು ಬರುತ್ತಿದ್ದೆ, ಅವರು ಫೋನು ಮಾಡಿ ರುಚಿ ಹೇಳುತ್ತಿದ್ದರು. ಈಗ ಮೂರು ಮಾರು ದೂರದಲ್ಲಿ ಕೂತಿದ್ದರೂ ಕೊಡಲು ಧೈರ್ಯ ಬರಲಿಲ್ಲ.

ಪಟ್ಟಿ ಇದ್ದ ಐದು ಅಧ್ಯಾಯ ಮುಗಿದವು. ಉಳಿದ ಆರನ್ನು ತಿದ್ದುವಷ್ಟು ದಿನ ಇರಲಿಲ್ಲ. ಅವನ್ನು ನಾನೇ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿದೆ. ಎರಡೇ ದಿನದಲ್ಲಿ ಗಂಟಲು ಕಟ್ಟಿತು. ಕೊನೆಯ ಅಧ್ಯಾಯದಲ್ಲಿ ನನ್ನ ದನಿ ಗೊಗ್ಗರು, ನಡುನಡುವೆ ಕೆಳಗಿನ ಯಂತ್ರದ ಧಡ್ ಧಡ್. ರೇಣುಕಾ ಪೆನ್ ಡ್ರೈವ್ ಒಯ್ಯಲು ಬಂದಾಗ ಪರೀಕ್ಷೆಗೆ ಐದು ದಿನ ಬಾಕಿ. ತಡ ಯಾಕಾಯಿತೆಂದು ಅವಳಿಗೂ ಹೇಳಿದೆ. "ಆಯ್ತು ಮೇಡಂ, ಬೇಗ ಕೊಡಿ, ಬಸ್ ಹೊರಡತ್ತೆ" ಎಂದಳು. ಅವಳಿಗೆ ನಮ್ಮ ತಪ್ಪು ಒಪ್ಪುಗಳಿಗೆಲ್ಲ ಪುರುಸೊತ್ತಿರಲಿಲ್ಲ.

ಆ ಸೆಟ್ಟಿಂಗನ್ನು ತೆಗೆದೆ. ಮುಂದಿನ ತಿಂಗಳು ಟ್ರಸ್ಟಿಗೆ ಇನ್ನೊಂದು ಹಳೆಯ ಕಂಪ್ಯೂಟರು ಬಂತು, ಡಿಸ್ಕು ಪಾಲು ಮಾಡಿಕೊಳ್ಳುವ ಅಗತ್ಯವೇ ಉಳಿಯಲಿಲ್ಲ. ಆದರೆ ಯುಗಾದಿ ಕಳೆದ ಮೇಲೆ ಸಿದ್ದರಾಜು ಬರಲಿಲ್ಲ. ಮೊದಲು ಮೊಮ್ಮಗಳಿಗೆ ರಜೆ ಎಂದರು, ಆಮೇಲೆ ಬಿಸಿಲು ಎಂದರು.

ಫಲಿತಾಂಶ ಬಂದ ದಿನ ರೇಣುಕಾ ಫೋನು ಮಾಡಿದಳು. ಪಾಸಾಗಿದ್ದಳು. ಮೆಜೆಸ್ಟಿಕ್ಕಿನ ಗದ್ದಲದ ನಡುವೆ ನಿಂತು ಕಿರುಚುತ್ತಿದ್ದಳು, ಮೈಸೂರಿನಲ್ಲಿ ಡಿಗ್ರಿಗೆ ಸೇರುತ್ತಾಳಂತೆ. ಅದನ್ನು ಹೇಳುವ ನೆಪದಲ್ಲಿ ನಾನು ಶ್ರೀರಾಮಪುರಕ್ಕೆ ಹೋದೆ. ಕಿರಿದಾದ ಓಣಿ, ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಫೋಟೋ. ಅವರ ಹೆಂಡತಿ ಗೌರಮ್ಮ ಕುರ್ಚಿ ಹಾಕಿ ಟೀ ತಂದುಕೊಟ್ಟರು. ಸುದ್ದಿ ಕೇಳಿ ಸಿದ್ದರಾಜು ಅವರ ಮುಖ ಅರಳಿತು. "ಎಷ್ಟು ಬಂತಂತೆ? ಇತಿಹಾಸದಲ್ಲಿ ಎಷ್ಟು?" ಎಂದು ಎರಡೆರಡು ಸಲ ಕೇಳಿ ಹೇಳಿಸಿಕೊಂಡರು.

"ವಾಪಸ್ ಬನ್ನಿ ಸರ್," ಎಂದೆ. "ನಿಮಗೇ ಅಂತ ಬೇರೆ ಮಿಷನ್ ಇದೆ ಈಗ. ನನ್ ಮೇಲಿನ ಕೋಪಕ್ಕೆ ಕೆಲ್ಸ ಬಿಡ್ಬೇಡಿ."

"ಕೋಪ ಇಲ್ಲ ಮೇಡಂ. ಖಂಡಿತ ಇಲ್ಲ." ಅವರು ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. "ಇಪ್ಪತ್ತೆಂಟು ವರ್ಷ ಬೋರ್ಡ್ ಮೇಲೆ ಕೂತಿದ್ದೆ. ಒಂದ್ ಲೈನ್ ತಪ್ಪಾಗಿ ಕೊಟ್ರೂ ಕೊಟ್ಟ ಕ್ಷಣಕ್ಕೇ ಗೊತ್ತಾಗ್ತಿತ್ತು ನಂಗೆ. ಆವತ್ತು ನಾನು ಏನೂ ತಪ್ಪು ಒತ್ತಿಲ್ಲ ಅಂತ ನನ್ ಕೈಗೆ ಗೊತ್ತಿತ್ತು. ಬಟನ್ ಒತ್ತಿ ಅಂತ ನೀವು ಹೇಳಿದ್ದೂ ನೆನಪಿತ್ತು. ಆದ್ರೂ ನೀವು ಕೇಳಿದ ತಕ್ಷಣ, ಇರ್ಬಹುದು ಅಂದ್ಬಿಟ್ಟೆ. ನಾಲ್ಕು ದಿನ ನಾನೇ ಮಾಡಿದ್ದು ಅಂತ ನಂಬ್ಕೊಂಡೇ ಓಡಾಡಿದೆ. ನಿಮ್ಮನ್ನ ಕ್ಷಮಿಸೋದು ದೊಡ್ಡ ವಿಷ್ಯ ಅಲ್ಲ ಮೇಡಂ. ಆ ಕುರ್ಚಿ ಮೇಲೆ ಕೂತ್ರೆ ಇನ್ನು ನನ್ ಕೈನ ನಾನೇ ನಂಬೋಕಾಗಲ್ಲ."

ಓಣಿಯಲ್ಲಿ ಯಾರೋ ನೀರಿನ ಕೊಡ ಇಳಿಸಿದ ಸದ್ದಾಯಿತು. ಅವರು ಆ ಕಡೆ ಕಿವಿ ತಿರುಗಿಸಿ, ಮತ್ತೆ ನನ್ನ ಕಡೆ ತಿರುಗಿದರು.

"ಟೀ ಕುಡೀರಿ, ಆರ್ತಿದೆ," ಎಂದರು.

ಲೋಟ ಎತ್ತಿಕೊಂಡೆ. ಕೆನೆ ಕಟ್ಟಿ ಆಗಲೇ ತಣ್ಣಗಾಗಿತ್ತು. ಅವರು ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಿತ್ತು, ಪೂರ್ತಿ ಕುಡಿದು ಮುಗಿಸಿದೆ.